ಎಪ್ಪತ್ನಾಲ್ಕರ ಎಡಗೈ

ರಾಯ್ಸ್ ಟ್ಯಾಡ್ಲಾಕ್ ತನ್ನ ಎಡಗೈಯನ್ನು ತೊಡೆಗೆ ಒರೆಸಿಕೊಂಡದ್ದನ್ನು ಮೊದಲ ಸಲ ಕಂಡಾಗ ವರ್ಲಿನ್ ಸ್ಟಕಿ ಅದನ್ನು ಬೆವರು ಅಂದುಕೊಂಡ. ಆಗಸ್ಟ್ ತಿಂಗಳು, ಒಹಾಯೊದ ಟೊಲೆಡೊ ಊರಿನ ಸೆಕೆ, ಮುನ್ನೂರು ಪೌಂಡು ದಾಟಿದ ಮೈ, ಬೆವರದೆ ಇನ್ನೇನು? ಎರಡನೇ ಸಲ ಕಂಡಾಗ ಪರದೆಯ ಮೇಲಿನ ಅಮೆರಿಕನ್ ಫುಟ್‌ಬಾಲ್ ಆಟವನ್ನು ನಿಲ್ಲಿಸಿ ಹಿಂದಕ್ಕೆ ತಿರುಗಿಸಿದ. ಮತ್ತೆ ಕಂಡಾಗ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡು ಬಂದ.

ಎದುರುಬದುರಾಗಿ ನಿಂತ ಎರಡು ಸಾಲು ಒಂದಕ್ಕೊಂದು ನುಗ್ಗುತ್ತವೆ. ಎಡಗಡೆಯ ಗಾರ್ಡ್, ಅಂದರೆ ಎದುರಾಳಿಗೆ ಮೈಕೊಟ್ಟು ತಡೆಯುವವನು, ಎಪ್ಪತ್ನಾಲ್ಕನೇ ನಂಬರಿನ ರಾಯ್ಸ್, ಎದುರಿನವನ ಎದೆಗೆ ಹೆಗಲು ಕೊಡುತ್ತಾನೆ. ಕತ್ತು ಒಂದು ಕಡೆಗೆ ವಾಲುತ್ತದೆ. ಸೀಟಿ ಆದಮೇಲೆ ಎಲ್ಲರೂ ತಿರುಗಿ ನಡೆಯುವಾಗ ಇವನ ಎಡಗೈ ಮಾತ್ರ ಗೂಟಕ್ಕೆ ಹಾಕಿದ ಒದ್ದೆ ಟವೆಲಿನ ಹಾಗೆ ಜೋತುಬಿದ್ದಿರುತ್ತದೆ. ಆಮೇಲೆ ಅವನು ಅದನ್ನು ತೊಡೆಗೆ ಉಜ್ಜುತ್ತಾನೆ. ನೋಡುವವರಿಗೆ ಒರೆಸಿಕೊಂಡಂತೆ ಕಾಣಬೇಕು, ಹಾಗೆ. ಮುಂದಿನ ಸಲ ಸಾಲು ಕಟ್ಟುವಾಗ ಎಡಗೈಯ ಬದಲು ಬಲಗೈಯನ್ನು ನೆಲಕ್ಕೆ ಊರುತ್ತಾನೆ.

ಇದನ್ನು ಬೇರೆ ಯಾರೂ ನೋಡಿರಲಿಲ್ಲ, ನೋಡುವ ಹಾಗೂ ಇರಲಿಲ್ಲ. ಚೆಂಡು ಎಲ್ಲಿರುತ್ತದೆಯೋ ಊರಿನ ಕಣ್ಣೆಲ್ಲ ಅಲ್ಲಿರುತ್ತದೆ. ಚೆಂಡಿಲ್ಲದ ಕಡೆ ನೋಡುವುದೇ ವರ್ಲಿನ್‌ನ ಹೊಟ್ಟೆಪಾಡು. ಟೊಲೆಡೊ ಹೆರಾನ್ಸ್ ತಂಡದಲ್ಲಿ ಅವನು ಸ್ಕೌಟ್, ಅಂದರೆ ಆಟಗಾರರನ್ನು ಅಳೆದು ತೂಗುವವನು. ಅದರಲ್ಲೂ ಹೆಸರಾದವರು ಅವನ ಪಾಲಿಗಲ್ಲ. ಅವರ ಹಿಂದೆ ನಿಲ್ಲುವ ಎರಡನೆಯವನು, ಮೂರನೆಯವನು ಅವನ ಪಾಲು. ಆಗಸ್ಟಿನ ಪಂದ್ಯಗಳೆಂದರೆ ಇಂಥವರ ಪಂದ್ಯಗಳು. ಗೆದ್ದರೂ ಸೋತರೂ ಲೆಕ್ಕಕ್ಕಿಲ್ಲ. ಟಿಕೆಟ್ಟಿಗೆ ಮಾತ್ರ ಪೂರ್ತಿ ದುಡ್ಡು, ಆ ಮಾತು ಬಿಡಿ. ದೊಡ್ಡವರು ಟೋಪಿ ಹಾಕಿಕೊಂಡು ಅಂಚಿನಲ್ಲಿ ನಿಂತು ನಗುತ್ತಿರುತ್ತಾರೆ, ಒಳಗೆ ಬದಲಿಗರು ಒಬ್ಬರ ಅನ್ನಕ್ಕೆ ಒಬ್ಬರು ಕೈ ಹಾಕಿ ಗುದ್ದಾಡುತ್ತಿರುತ್ತಾರೆ. ತಿಂಗಳ ಕೊನೆಗೆ ಅವರಲ್ಲಿ ಮುಕ್ಕಾಲು ಪಾಲು ಜನ ಚೀಲ ಕಟ್ಟಬೇಕು.

ವರ್ಲಿನ್‌ಗೆ ಈ ಕಣ್ಣು ಬಂದದ್ದು ಅಪ್ಪನಿಂದ. ಆರ್ಚ್‌ಬೋಲ್ಡ್ ಊರಿನ ಹಂದಿ ಹರಾಜಿನಲ್ಲಿ ಅಪ್ಪ ಇವನನ್ನು ಕಟಕಟೆಯ ಹತ್ತಿರ ನಿಲ್ಲಿಸಿಕೊಂಡು, "ಮುಖ ನೋಡ್ಬೇಡ, ಮೈ ನೋಡ್ಬೇಡ, ಯಾವ ಕಾಲೂರೋಕೆ ಅಳುಕತ್ತೆ ಅದನ್ನ ನೋಡು" ಎನ್ನುತ್ತಿದ್ದ. ವರ್ಲಿನ್ ದೊಡ್ಡವನಾಗಿ ಶಾಲೆಯಲ್ಲಿ ಮರಗೆಲಸ ಕಲಿಸಿದ, ಸಂಜೆ ಹುಡುಗರಿಗೆ ಆಟ ಕಲಿಸಿದ, ಅಲ್ಲಿಂದ ಯಾರೋ ಕರೆದರೆಂದು ಹೆರಾನ್ಸ್‌ಗೆ ಬಂದ, ಬಂದವನು ಇಲ್ಲೇ ಕೂದಲು ಹಣ್ಣು ಮಾಡಿಕೊಂಡ. ಕೆಟ್ಟವನಲ್ಲ. ಚರ್ಚಿಗೆ ಹೋಗುವವನು, ಪಕ್ಕದ ಮನೆಯವರ ದಾರಿಯ ಹಿಮವನ್ನೂ ಕೇಳದೆ ಎತ್ತಿಹಾಕುವವನು. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದ ಮೇಲೆ ಯಾರೂ ನಂಬುವುದಿಲ್ಲ.

ಜೋಮು ಹಿಡಿಯುವ ಕೈ ಎಂದರೆ ಏನೆಂದು ಅವನಿಗೆ ಗೊತ್ತಿತ್ತು. ಅದು ಕೈಯ ರೋಗವಲ್ಲ, ಕುತ್ತಿಗೆಯದು. ಬಹಳ ಹಿಂದೆ ಬೇರೆ ತಂಡದ ಒಬ್ಬ ಹುಡುಗ ಹೀಗೆಯೇ ಕೈ ಉಜ್ಜಿಕೊಳ್ಳುತ್ತಿದ್ದ. ಅಂಥ ದೊಡ್ಡ ಹೊಡೆತವೂ ಅಲ್ಲ, ದಿನಾ ಬೀಳುವಂಥ ಒಂದು ಡಿಕ್ಕಿ, ಬಿದ್ದವನು ಏಳಲಿಲ್ಲ. ಆಮೇಲೆ ಅವನ ಬಾಯಿಗೆ ಚಮಚ ಹಿಡಿಯಲು ಅವನ ತಾಯಿ ಬೇಕಾಯಿತು. ವರ್ಲಿನ್ ಅವನ ಹೆಸರನ್ನು ಇಂದಿಗೂ ಯಾರ ಮುಂದೆಯೂ ಎತ್ತುವುದಿಲ್ಲ.

ಮಾಡಬೇಕಾದ ಕೆಲಸ ಸುಲಭದ್ದು. ಒಂದು ಮಹಡಿ ಇಳಿದು ಹೋಗಿ ತಂಡದ ಡಾಕ್ಟರಿಗೆ, "ಎಪ್ಪತ್ನಾಲ್ಕರ ಕುತ್ತಿಗೆ ನೋಡಿ" ಅಂದರೆ ಸಾಕು. ವರ್ಲಿನ್ ಎದ್ದು ಮೆಟ್ಟಿಲ ತನಕ ಹೋಗಿಯೂ ಇದ್ದ. ಅಷ್ಟರಲ್ಲಿ ಜನರಲ್ ಮ್ಯಾನೇಜರ್ ಹೇಲ್ ಮೇಲಿನಿಂದ ಕರೆದ.

ಹೇಲ್ ಮೆತ್ತಗೆ ಮಾತಾಡುವ ಮನುಷ್ಯ. ವಯಸ್ಸಿನಲ್ಲಿ ವರ್ಲಿನ್‌ನ ಮಗನಾಗಬಹುದು. ವಸಂತದಲ್ಲಿ ಇಬ್ಬರು ಹಳೆಯ ಸ್ಕೌಟುಗಳನ್ನು ಮನೆಗೆ ಕಳಿಸಿದಾಗಲೂ ಅವನ ದನಿ ಏರಿರಲಿಲ್ಲ. ಒಬ್ಬನಿಗಂತೂ ತಾನೇ ಬಾಗಿಲು ತೆರೆದು ಹಿಡಿದಿದ್ದ. ವರ್ಲಿನ್‌ನ ಕರಾರೂ ಈ ತಿಂಗಳಿಗೆ ಮುಗಿಯುತ್ತಿತ್ತು. ಅದರ ಬಗ್ಗೆ ಹೇಲ್ ಒಂದು ಮಾತೂ ಆಡಿರಲಿಲ್ಲ, ಆಡದೆ ಇದ್ದದ್ದೇ ವರ್ಲಿನ್‌ನ ನಿದ್ದೆ ಕೆಡಿಸಿತ್ತು.

"ವರ್ಲಿನ್, ನೀವು ತಂದ ಹುಡುಗ ಸೆಫೊ ಚಿನ್ನ. ಅಭ್ಯಾಸದಲ್ಲಿ ನಮ್ಮ ದೊಡ್ಡವ್ರನ್ನೇ ಎತ್ತಿ ಒಗೀತಿದಾನೆ," ಎಂದ ಹೇಲ್.

"ಹೇಳಿದ್ನಲ್ಲ ನಾನು."

"ಹೇಳಿದ್ರಿ. ಆದ್ರೆ ಈ ವರ್ಷ ಮುಖ್ಯ ತಂಡದಲ್ಲಿ ಅವನಿಗೆ ಜಾಗ ಇಲ್ಲ. ಒಂದು ದಿನಕ್ಕೆ ಕೈಬಿಟ್ಟು ಮೀಸಲು ಪಡೆಗೆ ಎಳ್ಕೋಬೇಕು. ಆ ಒಂದು ದಿನದಲ್ಲಿ ಬೇರೆಯವ್ರು ಎತ್ಕೊಂಡು ಹೋದ್ರೆ?"

ಈ ಆಟದಲ್ಲಿ ಅದೊಂದು ಹಳೆಯ ಕಳ್ಳಾಟ. ಅಭ್ಯಾಸವನ್ನು ಹೊರಗಿನವರು ನೋಡುವ ಹಾಗಿಲ್ಲ. ಪಂದ್ಯವನ್ನು ಮಾತ್ರ ಎಲ್ಲ ತಂಡದ ಸ್ಕೌಟುಗಳೂ ನೋಡುತ್ತಾರೆ. ಹಾಗಾಗಿ ಒಳ್ಳೆಯ ಹೊಸಬ ಸಿಕ್ಕಿದರೆ ಅವನನ್ನು ಆಡಿಸದೆ ಬಚ್ಚಿಡುತ್ತಾರೆ. ಚೆನ್ನಾಗಿ ಆಡುವುದೇ ಅವನ ತಪ್ಪು. ಎಡಗಡೆಯ ಗಾರ್ಡುಗಳಲ್ಲಿ ಒಬ್ಬನಿಗೆ ಕಾಲು ಉಳುಕಿತ್ತು. ಉಳಿದ ಬದಲಿಗರು ಇಬ್ಬರೇ, ಸಮೋವಾ ದ್ವೀಪದ ಸೆಫೊ ಲಿಯೋಟ ಮತ್ತು ರಾಯ್ಸ್ ಟ್ಯಾಡ್ಲಾಕ್.

"ಸೆಫೊ ತೊಡೆಗೆ ಒಂದು ಪಟ್ಟಿ ಸುತ್ತಿ ಕೂರಿಸೋಣ, ನೋವು ಅಂತ. ಆದ್ರೆ ಗುರುವಾರ ಪೂರ್ತಿ ಪಂದ್ಯ ಎಡಗಡೆ ನಿಲ್ಲೋಕೆ ಒಬ್ಬ ಬೇಕು. ನಾಲ್ಕೂ ಕ್ವಾರ್ಟರ್. ಯಾರು ತಡೀತಾರೆ?"

ಕಿಟಕಿಯ ಆಚೆ ಹುಲ್ಲಿನ ಮೇಲೆ ನೀರು ಚಿಮುಕಿಸುವ ಕೊಳವೆ ಸುತ್ತುತ್ತಿತ್ತು. ಹೇಳು, ಈಗ ಹೇಳು ಎಂದು ವರ್ಲಿನ್‌ಗೆ ಅವನ ಮನಸ್ಸೇ ತಿವಿಯಿತು. ಹೇಳಿದರೆ ರಾಯ್ಸ್ ಕೂರುತ್ತಾನೆ, ಸೆಫೊ ಆಡುತ್ತಾನೆ, ಊರಿಗೆಲ್ಲ ಕಾಣುತ್ತಾನೆ, ಕೈತಪ್ಪುತ್ತಾನೆ. ಸೆಫೊ ಹೋದಮೇಲೆ ವರ್ಲಿನ್‌ನನ್ನು ಇಟ್ಟುಕೊಳ್ಳಲು ಹೇಲ್‌ಗೆ ಏನು ಕಾರಣ ಉಳಿಯುತ್ತದೆ?

"ಟ್ಯಾಡ್ಲಾಕ್," ಎಂದ ವರ್ಲಿನ್. "ಗಟ್ಟಿ ಆಳು. ತಡೀತಾನೆ."

ಹೇಲ್ ನಕ್ಕು ತಲೆಯಾಡಿಸಿದ. ವರ್ಲಿನ್ ಇಳಿದು ಬರುವಾಗ ಡಾಕ್ಟರ ಬಾಗಿಲು ತೆರೆದೇ ಇತ್ತು. ಒಳಗೆ ಡಾಕ್ಟರು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಇವನು ಕೈ ಬೀಸಿ ಮುಂದೆ ನಡೆದ.

ಮರುದಿನ ಊಟದ ಮನೆಯಲ್ಲಿ ರಾಯ್ಸ್ ತಾನಾಗಿಯೇ ತಟ್ಟೆ ಹಿಡಿದು ಇವನ ಮೇಜಿಗೆ ಬಂದ. ಅವನು ಟೆಕ್ಸಾಸಿನ ಲಫ್ಕಿನ್ ಕಡೆಯವನು, ವಯಸ್ಸು ಮೂವತ್ತು ದಾಟಿತ್ತು. ಆರು ತಂಡಗಳ ಬಟ್ಟೆ ತೊಟ್ಟು ಬಿಚ್ಚಿದವನು. ಪ್ರತಿ ಬೇಸಿಗೆ ಹೆಂಡತಿ ಡಾರ್ಲಾ ಇಬ್ಬರು ಹೆಣ್ಣುಮಕ್ಕಳನ್ನು ಪಿಕಪ್ ಗಾಡಿಯಲ್ಲಿ ಕೂರಿಸಿಕೊಂಡು ಅವನ ಹಿಂದೆ ಊರೂರು ಬರುತ್ತಿದ್ದಳು. ಆ ಮಕ್ಕಳು ಯಾವ ಊರಿನ ಶಾಲೆಗೆ ಹೋಗಬೇಕೆಂಬುದು ಆಗಸ್ಟ್ ಮುಗಿಯುವ ತನಕ ಅವರಿಗೇ ಗೊತ್ತಿರುತ್ತಿರಲಿಲ್ಲ.

"ನಿಮ್ಮ ಒಹಾಯೊದವ್ರು ಇದನ್ನ ಟೀ ಅಂತೀರಲ್ಲ ಸಾರ್, ಪಾಪ ಬರಲ್ವಾ? ಸಕ್ರೆ ಹಾಕೋಕೂ ಜೀವ ಬರಲ್ಲ ನಿಮಗೆ," ಎಂದ ರಾಯ್ಸ್ ಕೂರುತ್ತಾ.

"ನಿಮ್ಮ ಕಡೆ ಟೀಗೆ ಸಕ್ರೆ ಹಾಕಲ್ಲಪ್ಪ, ಸಕ್ರೆಗೆ ಟೀ ಹಾಕ್ತಾರೆ."

ರಾಯ್ಸ್ ಗಹಗಹಿಸಿ ನಕ್ಕ. ಆಮೇಲೆ ದನಿ ಇಳಿಸಿದ. "ಸಾರ್, ಗುರುವಾರ ನಂಗೆ ಎಷ್ಟು ಹೊತ್ತು ಸಿಗತ್ತೆ? ಕೋಚ್ ಬಾಯಿ ಬಿಡ್ತಿಲ್ಲ."

"ಪೂರ್ತಿ."

"ಪೂರ್ತಿ ಅಂದ್ರೆ?"

"ಮೊದಲಿಂದ ಕೊನೇವರ್ಗೂ ನೀನೇ."

ರಾಯ್ಸ್ ತಟ್ಟೆಯಲ್ಲಿದ್ದ ಕರಿದ ಮೀನನ್ನು ಬದಿಗೆ ಸರಿಸಿದ. "ನೀವು ಹೇಳಿದ್ರಾ ನನ್ನ ಪರವಾಗಿ?" ಎಂದ. ವರ್ಲಿನ್ ಹೂಂ ಎಂದ. ಅದು ಸುಳ್ಳಲ್ಲ ಎಂಬುದೇ ಅವನಿಗೆ ಹೇಸಿಗೆಯಾಯಿತು.

ಮಾತಿನ ನಡುವೆ ವರ್ಲಿನ್ ಕೆಚಪ್ ಬಾಟಲಿಯನ್ನು ರಾಯ್ಸ್‌ನ ಎಡಗಡೆಗೆ ಸರಿಸಿದ. ರಾಯ್ಸ್ ಬಾಟಲಿ ನೋಡಿದ, ವರ್ಲಿನ್‌ನ ಮುಖ ನೋಡಿದ, ಬಲಗೈಯನ್ನು ಎದೆಯ ಮೇಲಿಂದ ಅಡ್ಡಹಾಯಿಸಿ ಬಾಟಲಿ ತೆಗೆದುಕೊಂಡ. ಎಡಗೈ ಮೇಜಿನ ಕೆಳಗೆ ಮಡಿಲಲ್ಲೇ ಇತ್ತು. ವರ್ಲಿನ್ ಬಾಯಿ ತೆರೆದವನು ಒಂದು ತುತ್ತು ಮೀನು ಇಟ್ಟುಕೊಂಡು ಮುಚ್ಚಿಕೊಂಡ.

"ತಂಡದಲ್ಲಿ ಉಳಿಸಿಬಿಡಿ ಸಾರ್ ಈ ಸಲ," ಎಂದ ರಾಯ್ಸ್ ಏಳುವಾಗ. "ದೊಡ್ಡವಳು ಈ ಊರಲ್ಲಿ ಈಜು ಕಲೀತಿದಾಳೆ."

ಗುರುವಾರ ಬೆಳಗ್ಗೆಯಿಂದಲೇ ಊರಿನ ಮೇಲೆ ಒಂದು ಥರಾ ಮಂಕು ಕವಿದಿತ್ತು. ಈರಿ ಸರೋವರದಲ್ಲಿ ಹಸಿರು ಪಾಚಿ ಎದ್ದು ನಲ್ಲಿ ನೀರು ಕುಡಿಯಬೇಡಿ ಎಂದು ಸಾರಿದ್ದರು. ಅಂಗಡಿಗಳಲ್ಲಿ ನೀರಿನ ಬಾಟಲಿ ಖಾಲಿ. ಗಾಳಿ ತಿರುಗಿದಾಗೆಲ್ಲ ಕೊಳೆತ ಸೊಪ್ಪಿನ ವಾಸನೆ ಕ್ರೀಡಾಂಗಣದ ಮೇಲೆ ಬಂದು ಕೂರುತ್ತಿತ್ತು. ಮೌಮಿ ನದಿಯ ಆಚೆ ಮೋಡ ಕಪ್ಪಾಗಿ, ಮಳೆ ಸುರಿಸದೆ, ಸುಮ್ಮನೆ ಬೆಳೆಯುತ್ತಿತ್ತು. ಜನ ಅರ್ಧಕ್ಕರ್ಧ ಬಂದಿರಲಿಲ್ಲ.

ಮೇಲಿನ ಗಾಜಿನ ಕೋಣೆಯಲ್ಲಿ ಬೇರೆ ಬೇರೆ ತಂಡದ ಸ್ಕೌಟುಗಳು ಸಾಲಾಗಿ ಕೂತು ಆರಿದ ಹಾಟ್‌ಡಾಗ್ ಕಚ್ಚುತ್ತಿದ್ದರು. ವರ್ಲಿನ್‌ನ ಪಕ್ಕದಲ್ಲಿ ಬಾಯ್ಸಿ ತಂಡದ ಗಸ್ ಹ್ರಾಬಕ್. ಇಬ್ಬರೂ ಹಳೆಯ ಗೆಳೆಯರು. ಒಂದೇ ಮೋಟೆಲುಗಳಲ್ಲಿ ಮಲಗಿ, ಒಂದೇ ವಿಮಾನಗಳಿಗೆ ಕಾದು, ಒಬ್ಬರಿಗೊಬ್ಬರು ಸುಳ್ಳು ಹೇಳುತ್ತಲೇ ವಯಸ್ಸಾದವರು. ಈ ಜನರಲ್ಲಿ ಸುಳ್ಳು ತಪ್ಪಲ್ಲ. ಯಾರ ಮೇಲೆ ಕಣ್ಣಿದೆ, ಯಾರು ಬೇಕು, ಯಾರು ಬೇಡ, ಎಲ್ಲದಕ್ಕೂ ಸುಳ್ಳೇ. ಬೇಕಾದವನ ಕಡೆಗೆ ದುರ್ಬೀನು ಎತ್ತುವುದೇ ಇಲ್ಲ. ಒಂದು ವಿಷಯದಲ್ಲಿ ಮಾತ್ರ ಸುಳ್ಳಾಡುವುದಿಲ್ಲ. ಆಟಗಾರನ ಆರೋಗ್ಯ ಹೇಗೆ ಎಂದು ಒಬ್ಬ ಸ್ಕೌಟ್ ಇನ್ನೊಬ್ಬನನ್ನು ನೇರವಾಗಿ ಕೇಳಿದರೆ ಇದ್ದದ್ದನ್ನು ಹೇಳಬೇಕು. ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಅದನ್ನು ಮುರಿದವನ ಫೋನನ್ನು ಆಮೇಲೆ ಯಾರೂ ಎತ್ತುವುದಿಲ್ಲ.

"ನಿಮ್ಮ ಸಮೋವಾ ಹುಡುಗ ಎಲ್ಲೋ?" ಎಂದು ಗಸ್ ಕೇಳಿದ, ಕೇಳಿಯೂ ಕೇಳದವನ ಹಾಗೆ.

"ತೊಡೆ ಹಿಡ್ಕೊಂಡಿದೆಯಂತೆ. ಅವನ ಮೈಗೆ ಇನ್ನೇನಾಗತ್ತೆ? ಅಡುಗೆಮನೆ ಖಾಲಿ ಮಾಡಿದಾನೆ."

ಕೆಳಗೆ ಸೆಫೊ ತೊಡೆಗೆ ಬಿಳಿ ಪಟ್ಟಿ ಸುತ್ತಿಸಿಕೊಂಡು ಬೆಂಚಿನ ಮೇಲೆ ಕೂತಿದ್ದ. ಇಪ್ಪತ್ತೆರಡರ ಎತ್ತಿನಂಥ ಹುಡುಗ, ಮೈಯಲ್ಲಿ ಒಂದು ನೋವಿಲ್ಲ, ಕುಂಟಬೇಕೆಂದು ನೆನಪಾದಾಗ ಕುಂಟುತ್ತಿದ್ದ. ನೋವಿಲ್ಲದವನಿಗೆ ಪಟ್ಟಿ ಕಟ್ಟಿ ಕೂರಿಸಿ, ನೋವಿದ್ದವನನ್ನು ಒಳಗೆ ಬಿಟ್ಟಿದ್ದರು.

ವರ್ಲಿನ್ ದುರ್ಬೀನನ್ನು ಎಪ್ಪತ್ನಾಲ್ಕರ ಮೇಲಿಟ್ಟ, ತೆಗೆಯಲಿಲ್ಲ. ಗಸ್‌ನ ಕಣ್ಣು ಸೆಫೊ ಮೇಲಿಂದ ಸರಿಯಬೇಕಾದರೆ ತನ್ನ ಕಣ್ಣು ಬೇರೆ ಯಾರನ್ನೋ ಪ್ರೀತಿಸಬೇಕು. ಆದರೆ ಯಾವುದನ್ನು ನೋಡಬಾರದೆಂದು ಅವನು ನಾಲ್ಕು ದಿನ ಒದ್ದಾಡಿದ್ದನೋ ಆ ಕೈಯನ್ನೇ ಈಗ ಇಡೀ ಸಂಜೆ ಹತ್ತಿರದಿಂದ ನೋಡಬೇಕಾಯಿತು. ಡಿಕ್ಕಿ, ಜೋತುಬಿದ್ದ ಕೈ, ತೊಡೆಗೆ ಉಜ್ಜಾಟ. ಮತ್ತೆ ಡಿಕ್ಕಿ. ಬೆರಳುಗಳು ಮುಚ್ಚುತ್ತಿವೆಯೋ ಇಲ್ಲವೋ ಎಂಬುದೂ ಕಾಣುತ್ತಿತ್ತು. ಮೊದಮೊದಲು ಬೇಗ ಮುಚ್ಚುತ್ತಿದ್ದವು. ಮೂರನೇ ಕ್ವಾರ್ಟರಿನ ಹೊತ್ತಿಗೆ ಸಾಲು ಕಟ್ಟಿದ ಮೇಲೂ ತೆರೆದೇ ಇರುತ್ತಿದ್ದವು.

ಆದರೂ ರಾಯ್ಸ್ ಆಡಿದ ಆಟ! ಒಂದೇ ಕೈಯಲ್ಲಿ, ಸೊಂಟದ ಬಲದಲ್ಲಿ, ಎದುರಿನ ಹರೆಯದ ಹುಡುಗರನ್ನು ಬಾಗಿಲಂತೆ ತಿರುಗಿಸಿ ಬದಿಗಿಡುತ್ತಿದ್ದ. ಜೀವನದಲ್ಲೇ ಅಷ್ಟು ಚೆನ್ನಾಗಿ ಅವನು ಆಡಿರಲಿಲ್ಲ. ಅದನ್ನು ನೋಡಿ ವರ್ಲಿನ್‌ಗೆ ಅಳು ಬರುವಂತಾಯಿತು, ಹೆಮ್ಮೆಗೋ ಭಯಕ್ಕೋ ಅವನಿಗೇ ತಿಳಿಯಲಿಲ್ಲ.

"ಏನೋ, ಎಪ್ಪತ್ನಾಲ್ಕರ ಮೇಲೆ ಲವ್ವಾ ನಿಂಗೆ?" ಎಂದ ಗಸ್.

"ಹೋಗೋ."

"ಇಷ್ಟು ವರ್ಷಕ್ಕೆ ಇವತ್ತು ನೋಡಪ್ಪ ನೀನು ನಿಜವಾಗಿ ಯಾರನ್ನ ನೋಡ್ತೀಯ ಅಂತ ಗೊತ್ತಾಗಿದ್ದು. ಮುದುಕ ಆದೆ, ಮರೆಮಾಚೋಕೂ ಬರ್ತಿಲ್ಲ."

ಕೊನೆಯ ಕ್ವಾರ್ಟರಿನಲ್ಲಿ ಮಳೆ ಶುರುವಾಯಿತು. ಆಗ ಬಿದ್ದದ್ದು ಅಂಥ ದೊಡ್ಡ ಹೊಡೆತವೂ ಅಲ್ಲ. ರಾಯ್ಸ್ ತಲೆ ತಗ್ಗಿಸಿ ನುಗ್ಗಿದ, ಮೇಲೊಬ್ಬ ಬಿದ್ದ, ಅವನ ಮೇಲೊಬ್ಬ. ಎಲ್ಲರೂ ಎದ್ದರು. ರಾಯ್ಸ್ ಬೋರಲು ಬಿದ್ದೇ ಇದ್ದ. ಎಡಗೈ ಹೊಟ್ಟೆಯಡಿ ಸಿಕ್ಕಿತ್ತು, ಬಲಗೈ ಹುಲ್ಲನ್ನು ಹಿಡಿದಿತ್ತು. ವರ್ಲಿನ್‌ನ ಮುಂದೆ ಮೈದಾನದ ಅಂಚಿಗೆ ನೇರ ಹೋಗುವ ಫೋನಿತ್ತು. ಎತ್ತಿ ಎರಡು ಮಾತು ಹೇಳಿದರೆ ಡಾಕ್ಟರು ಅವನನ್ನು ಹೊರಗೆ ತರುತ್ತಿದ್ದರು, ಪಟ್ಟಿ ಬಿಚ್ಚಿ ಸೆಫೊ ಒಳಗೆ ಹೋಗುತ್ತಿದ್ದ. ವರ್ಲಿನ್‌ನ ಕೈ ಫೋನಿನ ಮೇಲೆ ಹೋಯಿತು. ಗಸ್ ಆ ಕೈಯನ್ನೇ ನೋಡುತ್ತಿದ್ದ. ವರ್ಲಿನ್ ಫೋನು ದಾಟಿ ಪಕ್ಕದಲ್ಲಿದ್ದ ಪಾಪ್‌ಕಾರ್ನ್ ಡಬ್ಬಿ ತೆಗೆದುಕೊಂಡ.

ರಾಯ್ಸ್ ಎದ್ದ. ಓಡಿ ಬಂದ ಡಾಕ್ಟರಿಗೆ ಬಲಗೈಯ ಹೆಬ್ಬೆರಳು ಎತ್ತಿ ತೋರಿಸಿ, ಏನೋ ತಮಾಷೆ ಹೇಳಿ ನಗಿಸಿ ವಾಪಸು ಕಳಿಸಿದ. ಪಂದ್ಯ ಮುಗಿಯುವ ತನಕ ಆಡಿದ.

ಆಟಗಾರರನ್ನು ತಂಡದಿಂದ ಬಿಡುವ ದಿನ ಹೆರಾನ್ಸ್ ಕಚೇರಿಯಲ್ಲಿ ಸಾವಿನ ಮನೆಯ ಹಾಗೆ ಎಲ್ಲರೂ ಮೆಲ್ಲಗೆ ನಡೆಯುತ್ತಾರೆ. ರಾಯ್ಸ್‌ನನ್ನು ಬೆಳಗ್ಗೆಯೇ ಬಿಟ್ಟರು. ಸೆಫೊನನ್ನೂ ಬಿಟ್ಟರು, ಮರುದಿನ ಮಧ್ಯಾಹ್ನದವರೆಗೆ ಯಾವ ತಂಡವೂ ಅವನನ್ನು ಕೇಳಲಿಲ್ಲ, ಮೀಸಲು ಪಡೆಗೆ ಎಳೆದುಕೊಂಡರು. ಹೇಲ್ ಬಂದು ವರ್ಲಿನ್‌ನ ಭುಜ ಒತ್ತಿ, "ಇನ್ನೆರಡು ವರ್ಷ ನಮ್ಮ ಜೊತೆ ಇರ್ತೀರಲ್ಲ?" ಎಂದ, ಮೆತ್ತಗೆ.

ಅವನು ಹೋದಮೇಲೆ ರಾಯ್ಸ್ ಬಾಗಿಲಲ್ಲಿ ಕಂಡ. ಚೀಲ ಬಲಹೆಗಲ ಮೇಲಿತ್ತು. ಬಿಟ್ಟ ಬೇಸರ ಅವನ ಮುಖದಲ್ಲಿ ಇರಲೇ ಇಲ್ಲ.

"ಥ್ಯಾಂಕ್ಸ್ ಹೇಳಿ ಹೋಗೋಣ ಅಂತ ಬಂದೆ ಸಾರ್. ನಾಲ್ಕೂ ಕ್ವಾರ್ಟರ್ ಯಾರ್ ಕೊಡ್ತಾರೆ ನನ್ನಂಥವ್ನಿಗೆ? ಬಾಯ್ಸಿಯವ್ರು ಆ ಪಂದ್ಯ ನೋಡಿ ನಮ್ಮ ಏಜೆಂಟಿಗೆ ಫೋನ್ ಮಾಡಿದಾರೆ. ಮುಖ್ಯ ತಂಡಕ್ಕೇ ಅಂತೆ! ನಿಮ್ಮನ್ನೂ ಒಂದು ಮಾತು ಕೇಳ್ತಾರಂತೆ." ಅವನು ಚೀಲ ಸರಿಪಡಿಸಿಕೊಂಡ. "ಡಾರ್ಲಾ ಗಾಡಿ ತಂದಿದಾಳೆ. ಕೆಳಗೆ ಕಾಯ್ತಿರ್ತೀನಿ, ಯಾವ ಕಡೆ ತಿರುಗಿಸ್ಬೇಕು ಅಂತ ಗೊತ್ತಾಗ್ಲಿ."

ಸ್ವಲ್ಪ ಹೊತ್ತಿಗೆ ಗಸ್‌ನ ಫೋನು ಬಂತು.

"ನಿನ್ನ ಹುಡುಗೀನ ನಾನು ಕರ್ಕೊಂಡು ಹೋಗ್ತಿದೀನಪ್ಪ," ಎಂದು ನಕ್ಕ ಗಸ್. ಆಮೇಲೆ ನಗು ನಿಲ್ಲಿಸಿದ. "ನೇರವಾಗಿ ಕೇಳ್ತಿದೀನಿ ವರ್ಲಿನ್. ಆರೋಗ್ಯ ಹೇಗಿದೆ?"

ವರ್ಲಿನ್ ಕಿಟಕಿಯಿಂದ ಕೆಳಗೆ ನೋಡಿದ. ಪಿಕಪ್ ಗಾಡಿಯ ಹಿಂದಿನ ಹಲಗೆಯ ಮೇಲೆ ಇಬ್ಬರು ಹುಡುಗಿಯರು ಕಾಲು ಇಳಿಬಿಟ್ಟು ಕೂತಿದ್ದರು. ಒಳ್ಳೆಯದು ಅನ್ನುವ ಒಂದು ಮಾತಿನಲ್ಲಿ ಆ ಗಾಡಿ ಬಾಯ್ಸಿಯ ಕಡೆಗೆ ಹೊರಡುತ್ತಿತ್ತು. ಆಮೇಲೆ ಒಂದು ದಿನ, ಅಂಥ ದೊಡ್ಡದಲ್ಲದ ಒಂದು ಹೊಡೆತ.

"ಎಡಗೈ ಜೋಮು ಹಿಡಿಯತ್ತೆ," ಎಂದ. "ಕುತ್ತಿಗೆಯಿಂದ. ಬೆರಳು ಮುಚ್ಚಲ್ಲ."

ಗಸ್ ಕೇಳಿದ, "ಗುರುವಾರ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ನಾಲ್ಕು ಕ್ವಾರ್ಟರ್ ನಿಲ್ಲಿಸಿದ್ರಾ?" ಗಸ್‌ನ ದನಿಯಲ್ಲಿ ಬೈಗುಳ ಇರಲಿಲ್ಲ. ಲೆಕ್ಕ ಹಾಕುವ ದನಿ. "ಓಹೋ. ಹಾಗಾದ್ರೆ ಆ ಸಮೋವಾ ಹುಡುಗ ಅಷ್ಟು ಒಳ್ಳೆಯವ್ನು." ಫೋನು ಇಟ್ಟ.

ವರ್ಲಿನ್‌ಗೆ ಎದೆಯ ಭಾರ ಇಳಿದ ಹಾಗಾಯಿತು. ಕೊನೆಗೂ ಸರಿಯಾದದ್ದನ್ನು ಮಾಡಿದೆ ಎಂದುಕೊಂಡ. ತಾನೇ ಹೋಗಿ ರಾಯ್ಸ್‌ಗೆ ಹೇಳಬೇಕೆಂದು ಕೆಳಗಿಳಿದ, ಒಳ್ಳೆಯ ಡಾಕ್ಟರ ಹೆಸರು ಕೊಡಬೇಕೆಂದೂ ಯೋಚಿಸಿದ. ಅವನು ಹೊರಗೆ ಬರುವಷ್ಟರಲ್ಲಿ ಏಜೆಂಟನ ಫೋನು ರಾಯ್ಸ್‌ಗೆ ಬಂದು ಮುಗಿದಿತ್ತು.

ರಾಯ್ಸ್ ವರ್ಲಿನ್‌ನನ್ನು ಗಾಡಿಯಿಂದ ದೂರ ಕರೆದುಕೊಂಡು ಹೋದ. "ಏನ್ ಹೇಳಿದ್ರಿ ಸಾರ್?"

"ನಿಜ ಹೇಳ್ದೆ ರಾಯ್ಸ್. ನಿನ್ನ ಕುತ್ತಿಗೆ—"

"ನನ್ನ ಕುತ್ತಿಗೆ ನಂಗೊತ್ತು. ನಿಮಗೂ ಗೊತ್ತಿತ್ತು. ಅವತ್ತು ಆ ಬಾಟ್ಲಿ ಈ ಕಡೆ ತಳ್ಳಿದ್ರಲ್ಲ, ಆಗ್ಲೇ ನನ್ನ ಜೀವ ಹೋಗಿತ್ತು. ಈಗ ಎದ್ದು ಡಾಕ್ಟ್ರ ಹತ್ರ ಹೋಗ್ತಾರೆ, ಮುಗೀತು ನನ್ನ ಕಥೆ ಅಂದ್ಕೊಂಡೆ. ನೀವು ಹೋಗ್ಲಿಲ್ಲ. ರಾತ್ರಿ ಡಾರ್ಲಾಗೆ ಹೇಳ್ದೆ, ದೇವ್ರಂಥ ಮನುಷ್ಯ ಕಣೇ, ಮಕ್ಳ ಮುಖ ನೋಡಿ ಸುಮ್ನಾದ್ರು ಅಂತ." ಅವನು ಗಾಡಿಯ ಕಡೆ ನೋಡಿದ. "ಮಕ್ಳ ಮುಖ ನೋಡಿ ಅಲ್ಲ, ಅಲ್ವಾ?"

"ಅಲ್ಲ."

"ಆ ಸೆಫೊ ಉಳ್ಕೊಂಡ್ನಾ?"

"ಉಳ್ಕೊಂಡ."

"ನಿಮ್ಮ ಕೆಲಸ?"

"ಅದೂ ಉಳೀತು."

"ನಿಮಗೆ ಬೇಕಾದಾಗ ಬಾಯಿ ಮುಚ್ಕೊಂಡ್ರಿ, ನೀವು ಸುಮ್ನಿರೋದು ನನಗೆ ಬೇಕಾದಾಗ ಬಾಯಿ ಬಿಟ್ರಿ," ಎಂದ ರಾಯ್ಸ್. "ಗುರುವಾರ ಸತ್ಯ ಹೇಳಿದ್ರೆ ಬೈತಿದ್ದೆ, ಆದ್ರೂ ನಿಮ್ಮನ್ನ ಮನುಷ್ಯ ಅಂತಿದ್ದೆ." ಅವನು ತಿರುಗಿ ನಡೆದ. ಡಾರ್ಲಾ ಒಳಗಿನಿಂದಲೇ ಕೈ ಬೀಸಿದಳು. ಅವಳಿಗೆ ಇನ್ನೂ ಏನೂ ತಿಳಿದಿರಲಿಲ್ಲ. ಗಾಡಿ ದಕ್ಷಿಣಕ್ಕೆ, ಟೆಕ್ಸಾಸಿನ ಕಡೆಗೆ, ತಿರುಗಿತು.

ಅಕ್ಟೋಬರಿನಲ್ಲಿ ಹೆರಾನ್ಸ್‌ಗೆ ಒಂದು ವಾರ ಆಟವಿರಲಿಲ್ಲ. ಭಾನುವಾರ ಚರ್ಚಿನಿಂದ ಬಂದು ವರ್ಲಿನ್ ಟಿವಿ ಹಾಕಿಕೊಂಡು ಕೂತ. ಹೆಂಡತಿ ಐಲೀನ್ ಮಡಿಲಲ್ಲಿ ಬೀನ್ಸ್ ಇಟ್ಟುಕೊಂಡು ನಾರು ಬಿಡಿಸುತ್ತಿದ್ದಳು. ಬಾಯ್ಸಿಯ ಪಂದ್ಯ. ಮೊದಲ ಸಾಲು ಕಟ್ಟಿದಾಗ ಎಡಗಡೆಯ ಗಾರ್ಡ್ ಬಲಗೈಯನ್ನು ನೆಲಕ್ಕೆ ಊರಿದ. ನಂಬರು ಅರವತ್ತಾರು, ಬಟ್ಟೆ ಬೇರೆ. ವರ್ಲಿನ್‌ಗೆ ಹೆಸರು ಓದುವ ಅಗತ್ಯ ಬೀಳಲಿಲ್ಲ. ಡಿಕ್ಕಿ ಆಯಿತು, ಗಾರ್ಡ್ ಎದ್ದ, ಕೈಯನ್ನು ತೊಡೆಗೆ ಉಜ್ಜಿದ.

ವರ್ಲಿನ್ ಗಸ್‌ಗೆ ಫೋನು ಹಚ್ಚಿದ. ಗಸ್ ಯಾವುದೋ ವಿಮಾನ ನಿಲ್ದಾಣದಲ್ಲಿದ್ದ, ಹಿಂದೆ ಕೂಗಾಟ ಕೇಳುತ್ತಿತ್ತು.

"ಗಸ್, ಟ್ಯಾಡ್ಲಾಕ್ ಆಡ್ತಿದಾನೆ ಕಣೋ. ಹೊರಗೆ ಕರೆಸು. ಆ ಕೈ ಇನ್ನೂ ಹಾಗೇ ಇದೆ. ನಿಮ್ಮವ್ರಿಗೆ ಗೊತ್ತಿಲ್ವಾ?"

"ಗೊತ್ತಪ್ಪ. ನೀನೇ ಹೇಳಿದ್ಯಲ್ಲ."

"ಮತ್ತೆ? ಡಾಕ್ಟ್ರು ನೋಡಲಿಲ್ವಾ?"

"ನೋಡಿದ್ರು. ಕೈ ಒತ್ತು ಅಂದ್ರು, ಹೇಗೋ ಒತ್ತಿ ತೋರಿಸ್ದ. ನಾವು ಜಾಸ್ತಿ ಕೇಳೋಕೆ ಹೋಗ್ಲಿಲ್ಲ. ನಮ್ಮ ಗಾರ್ಡ್ ಒಬ್ಬ ಮಂಡಿ ಕೆಡಿಸ್ಕೊಂಡು ಕೂತಿದಾನೆ, ಎರಡು ವಾರದಲ್ಲಿ ಬರ್ತಾನೆ. ಅಲ್ಲೀತನಕ ಯಾರಾದ್ರೂ ನಿಲ್ಬೇಕಲ್ಲ. ಇವ್ನು ಸಿಕ್ದ, ಇವ್ನನ್ನ ಕೇಳೋರು ಬೇರೆ ಯಾರೂ ಇರ್ಲಿಲ್ಲ. ಬೇರೆ ಯಾರಾದ್ರೂ ಫೋನ್ ಮಾಡಿದ್ರೆ ವಿವರಿಸಿ ಹೇಳ್ಬೇಕಿತ್ತು. ನಿಂಗೇನ್ ಹೇಳೋದು ವರ್ಲಿನ್? ನಿಂಗೆ ಅರ್ಥ ಆಗತ್ತೆ."

ವಿಮಾನ ಹತ್ತಲು ಕರೆದರೆಂದು ಗಸ್ 'ಬರ್ತೀನಿ' ಎಂದು ಇಟ್ಟುಬಿಟ್ಟ.

"ಯಾರು ಗೆಲ್ತಿರೋದು?" ಎಂದಳು ಐಲೀನ್ ಬೀನ್ಸಿನಿಂದ ತಲೆ ಎತ್ತದೆ.

ವರ್ಲಿನ್‌ಗೆ ಗೊತ್ತಿರಲಿಲ್ಲ. ಪರದೆಯಲ್ಲಿ ಚೆಂಡು ಇನ್ನೆಲ್ಲಿಗೋ ಹಾರಿ ಜನ ಎದ್ದು ಕೂಗುತ್ತಿದ್ದರು, ಕ್ಯಾಮೆರಾ ಅದರ ಹಿಂದೆಯೇ ಓಡಿತು. ಮತ್ತೆ ಸಾಲಿಗೆ ಬಂದಾಗ ಅರವತ್ತಾರು ನೆಲದ ಮೇಲಿದ್ದ. ಒಂದು ಮಂಡಿ ಊರಿ, ಇನ್ನೊಂದು ಕಾಲು ಊರಿ, ನಿಧಾನಕ್ಕೆ ಎದ್ದ. ಮುಂದಿನ ಸಾಲು ಕಟ್ಟಿತು. ಆಟ ಇನ್ನೂ ಎರಡನೇ ಕ್ವಾರ್ಟರಿನಲ್ಲಿತ್ತು.